ಪುಟ್ಟಿಯ ಸೀಟಿನಲ್ಲಿ ಕೂತವರು

ನನ್ನ ಗಂಡನ ಪ್ರಕಾರ ನಾನೊಂದು ಸಂಶಯದ ಗಂಟು. ಇರಲಿ. ಹಾಲು ಒಡೆದಿದೆಯೋ ಇಲ್ಲವೋ ಎಂದು ಮೂಸಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಬೇಡವೇ? ಅವನು ಫ್ರಿಜ್ ರಿಪೇರಿಯವನು, ಯಾರು ಏನು ಹೇಳಿದರೂ ತಲೆಯಾಡಿಸಿ ಬರುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಯುವವಳು. "ನಮ್ಮ ಮಗು ಬೆಳೆದೇ ಇಲ್ಲ, ಹಳೇ ಅಳತೆಗೇ ಹೊಲಿದುಬಿಡಿ" ಎನ್ನುವ ತಾಯಂದಿರನ್ನು ನಂಬಿದ್ದರೆ ಎಂದೋ ಮಿಷನ್ ಮಾರಬೇಕಾಗುತ್ತಿತ್ತು. ಟೇಪು ಹಿಡಿದು ನೋಡದೆ ನಾನು ಯಾರ ಮಾತನ್ನೂ ಒಪ್ಪುವುದಿಲ್ಲ.

ಹಾಗಾಗಿ ನಮ್ಮ ಪುಟ್ಟಿಗೆ ಕಾರಿನ ಸೀಟು ಕೊಳ್ಳಲು ಹೋದ ದಿನ ಅಂಗಡಿಯವನಿಗೆ ಬೆವರಿಳಿಸಿದೆ. ಅದು ಹೊಸ ನಮೂನೆಯ ಸೀಟು. ಎಳೆಮಗುವಿದ್ದಾಗ ಮುಖ ಕಾರಿನ ಹಿಂಬದಿಗೆ ಬರುವಂತೆ ಕಟ್ಟಬೇಕು, ದೊಡ್ಡದಾದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

"ಮಗೂನ ಹಿಂದುಮುಂದಾಗಿ ಯಾಕ್ರೀ ಕೂರಿಸ್ಬೇಕು?" ಎಂದೆ.

"ಗಾಡಿ ಗಕ್ಕನೆ ನಿಂತ್ರೆ ಎಳೇ ಕತ್ತು ತಡ್ಕೊಳ್ಳಲ್ಲ ಮೇಡಂ. ಹಿಂದಕ್ಕೆ ಮುಖ ಇದ್ರೆ ಸೀಟಿನ ಬೆನ್ನೇ ಮಗೂನ ಹಿಡ್ಕೊಳ್ಳುತ್ತೆ."

"ಸೀಟಿನ ಬೆನ್ನು ಮುರಿದ್ರೆ?"

"ಒಳಗೆ ಉಕ್ಕು ಇದೆ ಮೇಡಂ."

"ತೋರಿಸಿ."

"ಒಳಗಿರೋದನ್ನ ಹೆಂಗೆ ತೋರಿಸ್ಲಿ?"

ನೋಡಿದಿರಾ? ಒಳಗಿರುವುದನ್ನು ತೋರಿಸಲಾಗದವರೇ ಹೆಚ್ಚು ಮಾತಾಡುವುದು. ಆದರೂ ಮಿಕ್ಕದ್ದನ್ನೆಲ್ಲ ಮುಟ್ಟಿ ನೋಡಿದೆ. ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ, ಹೀಗೆ ಐದು ಪಟ್ಟಿ ಬಂದು ಒಂದೇ ಬಕಲಿನಲ್ಲಿ ಸೇರುತ್ತಿದ್ದವು. ತಲೆದಿಂಬನ್ನು ಮೇಲಕ್ಕೆತ್ತಿದರೆ ಹೆಗಲಪಟ್ಟಿಗಳೂ ಜೊತೆಗೇ ಏರುತ್ತಿದ್ದವು. ಬುಡ ಸರಿಯಾಗಿ ಕೂತರೆ ಪುಟ್ಟ ಕಿಟಕಿಯಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ಪಟ್ಟಿ ಬಿಗಿಯಾಗಿದೆಯೇ ಎಂದು ತಿಳಿಯಲು ಮಗುವಿನ ಹೆಗಲ ಬಳಿ ಚಿವುಟಿ ನೋಡಬೇಕು. ಮಡಿಕೆ ಬೆರಳಿಗೆ ಸಿಕ್ಕರೆ ಸಡಿಲ ಎಂದರ್ಥ. ಈ ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. ಚಿವುಟಿ ನೋಡುವುದು ನಮ್ಮ ಕಸುಬಿನ ಮಾತು.

ಕಾರು ದಿನವೆಲ್ಲ ಗಂಡನ ಜೊತೆ ಊರು ಸುತ್ತುತ್ತದೆ. ಪುಟ್ಟಿ ನನ್ನ ಮಿಷನ್ನಿನ ಪಕ್ಕದಲ್ಲಿ ತೆವಳಿಕೊಂಡಿರುತ್ತಾಳೆ. ಒಂದು ಗುರುವಾರ ಬೆಳಿಗ್ಗೆ ಅವಳಿಗೆ ಲಸಿಕೆ ಹಾಕಿಸಬೇಕಿತ್ತು. ಸೀಟಿನಲ್ಲಿ ಕೂರಿಸಿ, ಬಕಲು ಹಾಕಿ ಚಿವುಟಿದೆ. ಪಟ್ಟಿ ಹಿಡಿಹಿಡಿಯಾಗಿ ಕೈಗೆ ಬಂತು! ತಲೆದಿಂಬು ಅವಳ ನೆತ್ತಿಗಿಂತ ಎಷ್ಟೋ ಮೇಲಿತ್ತು. ಪಟ್ಟಿಗಳಲ್ಲಿ ಪುಟ್ಟಿಯಂಥ ಇಬ್ಬರನ್ನು ಸುತ್ತಬಹುದಿತ್ತು. ನಾನು ಹಾಗೆಯೇ ಕೂರಿಸಿ ಹೊರಟಿದ್ದರೆ ಮೊದಲ ಬ್ರೇಕಿಗೇ ನನ್ನ ಕೂಸು ಜಾರಿ ಹೋಗುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಇದನ್ನ ಯಾರು ಮುಟ್ಟಿದ್ದು?"

"ಅದಾ? ನಾನೇ. ನಿನ್ನೆ ಸೀಟು ಒರೆಸುವಾಗ ಎತ್ತಿದ್ದೆ, ಇಳಿಸೋದು ಮರ್ತೆ" ಎಂದ ಗಂಡ.

ತಾನು ಕುಡಿದ ಲೋಟ ತೊಳೆಯದ ಗಂಡಸು ಸೀಟು ಒರೆಸಿದನಂತೆ! ಅಷ್ಟೇ ಅಲ್ಲ, ನಾನು ಕೇಳದೆಯೇ "ಬೇರೆ ಯಾರೂ ಕೂತಿಲ್ಲ" ಎಂದೂ ಸೇರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಕೂತಿದ್ದಾರೆ ಎಂದು ನಾನು ಹೇಳಿದ್ದೆನೇ?

ಅಂದಿನಿಂದ ಕಾವಲು ಶುರುವಾಯಿತು. ಬುಧವಾರ, ಶನಿವಾರ ಅವನು ತಡವಾಗಿ ಬರುತ್ತಾನೆ. ಕೇಳಿದರೆ ಯಾವುದೋ ಹೋಟೆಲಿನ ದೊಡ್ಡ ಫ್ರಿಜ್ ಕೆಟ್ಟಿದೆ ಎನ್ನುತ್ತಾನೆ. ವಾರಕ್ಕೆರಡು ಸಲ ಕೆಡುವ ಫ್ರಿಜ್ ಇಟ್ಟುಕೊಂಡು ಆ ಹೋಟೆಲಿನವರು ವ್ಯಾಪಾರ ಹೇಗೆ ಮಾಡುತ್ತಾರೋ! ಆ ಎರಡು ದಿನ ಕಾರಿನ ಹಿಂಬದಿಯಲ್ಲಿ ನೋವಿನ ಮುಲಾಮಿನ ವಾಸನೆ. ಇನ್ನೊಂದು ದಿನ ಬಕಲಿಗೆ ಸಿಕ್ಕಿಕೊಂಡಿದ್ದ ಒಂದು ಉದ್ದ ಕೂದಲು ಸಿಕ್ಕಿತು. ಪುಟ್ಟಿಯ ತಲೆಯೋ ಸಿಪ್ಪೆ ಸುಲಿದ ಮೊಟ್ಟೆ. ಮತ್ತೊಂದು ದಿನ ಅವನು ಮೆಟ್ಟಿಲ ಕೆಳಗೆ ನಿಂತು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. "ಬಿಗಿಯಾಗೇ ಕೂರಿಸ್ತೀನಿ, ಹೆದರೋದೇನೂ ಬೇಡ. ಅವಳಿಗೆ ಗೊತ್ತಾಗಲ್ಲ."

ಅವಳು ಎಂದರೆ ನಾನು. ಸರಿ, ಇನ್ನೇನು ಬೇಕು? ಇವನಿಗೆ ಇನ್ನೊಂದು ಮನೆ ಇದೆ, ಆ ಮನೆಯಲ್ಲಿ ಒಂದು ಮಗು ಇದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ನನಗೆ ಊಟ ಸೇರಲಿಲ್ಲ. ಮುಖ ನೋಡಿದರೆ ಮುಗ್ಧ, ಪುಟ್ಟಿಯನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು ಆನೆಯಾಟ ಆಡುತ್ತಾನೆ. ಇವನ ಜೊತೆ ಇನ್ನೊಂದು ದಿನವೂ ಇರಲಾರೆ ಎಂದುಕೊಂಡು ಪುಟ್ಟಿಯ ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಕತ್ತರಿಸುವ ಮೇಜಿನ ಕೆಳಗೆ ಇಟ್ಟೆ. ಹೊರಡುವುದೊಂದೇ ಬಾಕಿ. ಆದರೆ ಬಾಯಿಮಾತಿನಲ್ಲಿ ಜಗಳವಾಡಿದರೆ ಅವನು ನಕ್ಕು ಜಾರಿಕೊಳ್ಳುತ್ತಾನೆ. ನನಗೆ ಕೈಯಲ್ಲಿ ಹಿಡಿದು ಕೇಳುವಂಥದ್ದು ಬೇಕಿತ್ತು.

ಆ ಶನಿವಾರ ಅವನು ಬಂದವನೇ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದ. ನಾನು ಟೇಪು ಹಿಡಿದು ಕಾರಿಗೆ ಓಡಿದೆ. ಸೀಟು ಮುಂದಕ್ಕೆ ಮುಖ ಮಾಡಿ ನಿಂತಿತ್ತು! ಹಿಂದಕ್ಕೆ ತಿರುಗಿಸಲು ಅವನಿಗೆ ಇನ್ನೂ ಸಮಯ ಸಿಕ್ಕಿರಲಿಲ್ಲ. ಕೂರುವ ಜಾಗದಿಂದ ಹೆಗಲಪಟ್ಟಿ ಹೊರಬರುವ ತೂತಿನವರೆಗೆ ಅಳೆದೆ. ಎದೆಯ ಸುತ್ತ ಪಟ್ಟಿ ಎಷ್ಟು ಸಡಿಲಿಸಿದ್ದಾರೆ ನೋಡಿದೆ. ಬಕಲು ಎಷ್ಟು ಮುಂದಿದೆ ನೋಡಿದೆ. ಅಳತೆ ಸುಳ್ಳು ಹೇಳುವುದಿಲ್ಲ. ನಾಲ್ಕು ವರ್ಷದ ಮಗು, ಆ ಉದ್ದ ಕೂದಲು ನೋಡಿದರೆ ಹುಡುಗಿ, ಸಣಕಲು, ಎದೆ ಕಿರಿದು. ಪಟ್ಟಿಯ ಮೇಲೆ ಜಾರಿಸಿ ಹೆಗಲಿಗೆ ಕೂರಿಸುವ ಮೆತ್ತೆಗಳನ್ನೂ ಬಿಡಲಿಲ್ಲ, ಎಡದ್ದು ಬಲದ್ದಕ್ಕಿಂತ ಎರಡು ಬೆರಳು ಕೆಳಗಿತ್ತು.

ನನ್ನ ಕಸುಬಿನವರಿಗೆ ಮಾತ್ರ ಹೊಳೆಯುವ ಹುಚ್ಚು ಉಪಾಯವೊಂದು ಹೊಳೆಯಿತು. ಆ ಅಳತೆಗೆ ಒಂದು ಫ್ರಾಕು ಹೊಲಿಯುವುದು, ಊಟಕ್ಕೆ ಕೂತಾಗ ಅವನ ತಟ್ಟೆಯ ಪಕ್ಕದಲ್ಲಿ ಇಡುವುದು, "ಇದು ಯಾರಿಗೆ ಸರಿ ಹೋಗುತ್ತೆ ಹೇಳು" ಎಂದು ಕೇಳುವುದು. ಆಮೇಲೆ ಚೀಲ ಎತ್ತಿಕೊಂಡು ನಡೆಯುವುದು.

ಸೋಮವಾರ ಮಧ್ಯಾಹ್ನ ಬಟ್ಟೆ ಮಡಿಸಿ ಮೇಜಿನ ಮೇಲೆ ಹರಡಿದೆ. ಸಾಮಾನ್ಯವಾಗಿ ಮಡಿಸಿದ ಬಟ್ಟೆಗೆ ಒಂದೇ ಕತ್ತರಿ, ಎರಡು ಹೆಗಲೂ ಒಂದೇ ಸಮ. ಆದರೆ ಇಲ್ಲಿ ಎಡಮೆತ್ತೆ ಕೆಳಗಿತ್ತಲ್ಲ? ಮಡಿಕೆ ಬಿಚ್ಚಿ ಎಡ ಹೆಗಲನ್ನು ಬೇರೆಯಾಗಿ, ಎರಡು ಬೆರಳು ಇಳಿಸಿ ಕತ್ತರಿಸಿದೆ. ಕತ್ತರಿ ಸರಾಗವಾಗಿ ಓಡಿತು. ಕೈಗೆ ಯಾವಾಗಲೋ ಅಭ್ಯಾಸವಾದ ದಾರಿ ಅದು. ಕುತ್ತಿಗೆಯ ಬಳಿ ಬಂದಾಗ ಕೈ ನಿಂತಿತು. ಇಷ್ಟು ವರ್ಷದ ಹೊಲಿಗೆಯಲ್ಲಿ ನಾನು ಎಡ ಹೆಗಲು ಇಳಿಸಿ ಕತ್ತರಿಸಿದ್ದು ಒಂದೇ ಮನೆಯವರಿಗೆ. ನನ್ನ ತವರಿನವರಿಗೆ.

ಅಪ್ಪನ ಎಡ ಹೆಗಲು ಇಳಿದಿತ್ತು. ಅಕ್ಕನದೂ ಹಾಗೇ. ನೋಡುವವರಿಗೆ ತಿಳಿಯದು, ಹೊಲಿಯುವವಳಿಗೆ ಮಾತ್ರ ಗೊತ್ತು. ನಾನು ಕತ್ತರಿ ಹಿಡಿಯಲು ಕಲಿತದ್ದೇ ಅಕ್ಕನ ಬಟ್ಟೆಗಳ ಮೇಲೆ. ಇಳಿಸದೆ ಹೊಲಿದರೆ ಅವಳ ಕುತ್ತಿಗೆಪಟ್ಟಿ ಒಂದು ಕಡೆಗೆ ಜಾರುತ್ತಿತ್ತು, ಅವಳು "ಏ ಕೈಲಾಗದವಳೇ" ಎಂದು ನನ್ನ ಜಡೆ ಎಳೆಯುತ್ತಿದ್ದಳು.

ಮೇಜಿನ ಅಂಚು ಹಿಡಿದು ಕೂತುಬಿಟ್ಟೆ. ಅಕ್ಕನಿಗೆ ಒಬ್ಬಳು ಮಗಳಿದ್ದಾಳೆ ಎಂದು ಕೇಳಿದ್ದೆ, ಅಷ್ಟೇ. ನಾನು ಅವಳನ್ನು ನೋಡಿಲ್ಲ. ಏಕೆ ನೋಡಿಲ್ಲ ಎಂದರೆ, ಅಕ್ಕ ಆ ಲಾರಿ ಏಜೆಂಟನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಬೇಡವೆಂದೆ. ಅವನ ಕಣ್ಣು ನಿಲ್ಲುವುದಿಲ್ಲ ಎಂದೆ. ಅವಳು ಕೇಳಲಿಲ್ಲ. ನನಗೆ ರೇಗಿತು. "ಅವನು ಬಿಟ್ಟು ಹೋದ ದಿನ ಅಳ್ತಾ ನನ್ನ ಬಾಗಿಲಿಗೆ ಬರ್ಬೇಡ" ಎಂದುಬಿಟ್ಟೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಅಂದು ಹೋದವಳು ಮತ್ತೆ ಬರಲಿಲ್ಲ, ನಾನೂ ಹೋಗಲಿಲ್ಲ.

ಗಂಡ ಸಂಜೆ ಬಂದಾಗ ಅರ್ಧ ಹೊಲಿದ ಫ್ರಾಕು ಮಿಷನ್ನಿನ ಮೇಲೇ ಇತ್ತು.

"ಅಕ್ಕನ ಮಗಳು ತಾನೇ?" ಎಂದೆ.

ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಯಾರು ಹೇಳಿದ್ರು?"

"ಪುಟ್ಟಿ ಸೀಟೇ ಹೇಳ್ತು. ಬೊಗಳು ಈಗ."

ಹೇಳಿದ. ಆ ಲಾರಿಯವನು ಬಿಟ್ಟುಹೋಗಿ ವರ್ಷದ ಮೇಲಾಗಿತ್ತು. ಮಗುವಿನ ಪಾದ ಒಳಕ್ಕೆ ತಿರುಗಿತ್ತು, ಆಪರೇಷನ್ ಆಗಿದೆ, ವಾರಕ್ಕೆರಡು ಸಲ ಊರಿನ ಆಚೆ ತುದಿಗೆ ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಅಕ್ಕ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿನ ಫ್ರಿಜ್ ನೋಡಲು ಹೋದ ಇವನು, ಅವಳು ಮಗುವನ್ನು ಸೊಂಟದ ಮೇಲೆ ಹೊತ್ತು ತುಂಬಿದ ಬಸ್ಸಿಗೆ ಹತ್ತಲಾಗದೆ ನಿಂತದ್ದನ್ನು ಕಂಡನಂತೆ.

"ನನಗ್ಯಾಕೆ ಹೇಳ್ಲಿಲ್ಲ?"

"ಅವರು ಹೇಳ್ಬೇಡ ಅಂದ್ರು."

"ಅವಳು ಬಾವಿಗೆ ಬೀಳು ಅಂದ್ರೆ ಬೀಳ್ತಿದ್ಯಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ನಂಗೆ ಮಾಡೋಕಾಗ್ತಿರ್ಲಿಲ್ಲ. ಆ ಮಗು ನಡೀಬೇಕಿತ್ತು ಕಣೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಇದು ಅವನ ಲೆಕ್ಕಾಚಾರ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಅದೇ ಹೊತ್ತಿಗೆ ಕತ್ತರಿ ಎಸೆಯಬೇಕೆಂದೂ ಅನಿಸಿತು. ಪಟ್ಟಿ ಸಡಿಲ ಬಿಟ್ಟದ್ದಕ್ಕೆ ಮೊದಲು ಚೆನ್ನಾಗಿ ಉಗಿದೆ. ಅದು ಅವನ ಪಾಲಿಗೆ ನ್ಯಾಯವಾಗಿಯೇ ಬರಬೇಕಿದ್ದದ್ದು. ಆಮೇಲೆ ಒಳಕೋಣೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವನು ಹೇಳಿದ್ದು ನಿಜ. ನಾನು ಬೇಡ ಎನ್ನುತ್ತಿದ್ದೆ.

ಬುಧವಾರ ಪುಟ್ಟಿಯನ್ನು ಕೆಳಮನೆಯ ಅಜ್ಜಿಯ ಹತ್ತಿರ ಬಿಟ್ಟು, ಸೀಟನ್ನು ನಾನೇ ಮುಂದಕ್ಕೆ ತಿರುಗಿಸಿ ಕಟ್ಟಿದೆ. ಗಂಡ ಕಾರು ಬಿಟ್ಟ. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಬೀದಿ ಅಕ್ಕನದು. ಕಬ್ಬಿಣದ ಮೆಟ್ಟಿಲ ಕೆಳಗೆ ಅಕ್ಕ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಎಷ್ಟು ಇಳಿದುಹೋಗಿದ್ದಳು! ಕೈಯ ಮೇಲೆ ಒಲೆಯ ಬಿಸಿ ತಾಗಿದ ಕಲೆಗಳು. ಕಾರಿನಿಂದ ನಾನು ಇಳಿದದ್ದನ್ನು ಕಂಡು ಅವಳ ಮುಖ ಬಿಳಿಚಿತು. ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ನಿನ್ನ ಬಾಗಿಲಿಗೆ ಬಂದಿಲ್ಲ ಕಣೇ. ಅಳ್ತಾನೂ ಬಂದಿಲ್ಲ. ನೀನು ಹೇಳಿದ ಹಾಗೇ ಇದೀನಿ" ಎಂದಳು.

ಅವಳು ಮೆಟ್ಟಿಲ ಕಡೆ ತಿರುಗಿದಳು. ಇವತ್ತು ಬೇಡ ಎಂದು ನನ್ನ ಗಂಡನಿಗೆ ಕೈಸನ್ನೆ ಮಾಡಿದಳು. ಅವಳು ಆ ಮೆಟ್ಟಿಲು ಹತ್ತಿಬಿಟ್ಟರೆ ಈ ಜನ್ಮದಲ್ಲಿ ಇನ್ನು ಇಳಿದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಟದಲ್ಲಿ ನಾವಿಬ್ಬರೂ ಒಬ್ಬ ಅಪ್ಪನ ಮಕ್ಕಳೇ.

ಆಗ ಅವಳ ಹೆಗಲ ಮೇಲಿಂದ ಮಗು ನನ್ನನ್ನು ನೋಡಿ ಕೇಳಿತು, "ಅಮ್ಮಾ, ಇವರು ಯಾರು?"

"ನಿನ್ನ ಚಿಕ್ಕಮ್ಮ" ಎಂದೆ.

"ಬೈಯೋ ಚಿಕ್ಕಮ್ಮನಾ?"

ನನ್ನ ಗಂಡ ಸ್ಟೀರಿಂಗನ್ನೇ ದಿಟ್ಟಿಸುತ್ತಿದ್ದ. ನನ್ನ ಹೆಸರು ಆ ಮನೆಯಲ್ಲಿ ಹೀಗೆ ಉಳಿದಿತ್ತು.

"ಹೂಂ ಕಣಮ್ಮ. ಅವಳೇ ನಾನು."

"ಹಾಗಾದ್ರೆ ಬೇಗ ಬೈದುಬಿಡಿ. ತಡ ಆದ್ರೆ ವ್ಯಾಯಾಮದ ಆಂಟಿ ಹೊರಟುಹೋಗ್ತಾರೆ."

ನಾನು ಬೈದೆ. ಬೀದಿಯಲ್ಲಿ ನಿಂತು, ಕಿಟಕಿಗಳು ತೆರೆದುಕೊಳ್ಳುವಷ್ಟು ಗಟ್ಟಿಯಾಗಿ ಬೈದೆ. "ಬಾಯಿಗೆ ಬಂದದ್ದನ್ನ ನಾನು ಅಂದ್ರೆ ನೀನು ಅದನ್ನೇ ಕಟ್ಕೊಂಡು ಕೂತ್ಯಲ್ಲೇ! ಮಗು ಕಾಲು ಕೊಯ್ಸುವಾಗ್ಲೂ ಒಬ್ಳೇ ಕೂತಿದ್ದಿಯಲ್ಲೇ! ನನಗಿಂತ ದೊಡ್ಡವಳು ಅಂತ ಯಾಕೆ ಹುಟ್ಟಿದ್ದು ನೀನು? ಅವತ್ತೇ ನನ್ನ ಕೆನ್ನೆಗೆ ಒಂದು ಬಿಡೋಕೆ ಏನಾಗಿತ್ತು ನಿಂಗೆ?"

ಅಕ್ಕ ಹತ್ತಿರ ಬಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಎದೆಗೆ ಸರಿಯಾಗಿ ಒತ್ತಿ ಹಿಡಿದದ್ದನ್ನು ನೋಡಿಕೊಂಡು, ಪಟಾರನೆ ಒಂದು ಬಿಟ್ಟಳು.

ಪೆಟ್ಟು ಜೋರಾಗಿಯೇ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕಕ್ಕೆ ಅವಳು, ಅವಳ ಪಕ್ಕಕ್ಕೆ ನಾನು ಕೂತೆವು. ಊರು ದಾಟುವವರೆಗೂ ಕೆನ್ನೆ ಉರಿಯುತ್ತಿತ್ತು, ಅಕ್ಕ ಅದರ ಮೇಲಿಟ್ಟ ಅಂಗೈ ತೆಗೆಯಲೇ ಇಲ್ಲ.