ಗ್ಲೌಸಿನೊಳಗೆ ಹೋಗದ ರಿಸ್ಟ್ ಗಾರ್ಡ್

ಕುವೈತಿನಲ್ಲಿರುವ ನಮ್ಮವರಲ್ಲಿ ಎಷ್ಟೋ ಜನ ಈಗ ಡಿಸೆಂಬರ್ ರಜೆಗೆ ಊರಿನ ಬದಲು ಜಾರ್ಜಿಯಾಕ್ಕೆ ಹೋಗಿ ಹಿಮ ನೋಡಿ ಬರುತ್ತಾರೆ. ಅಲ್ಲಿನ ಬ್ನೇದ್ ಅಲ್ ಗಾರ್ ಬಡಾವಣೆಯ ರುಡಾಲ್ಫ್ ಕೂಡ ಟಿಕೆಟ್ ಮಾಡಿಸಿದ್ದರು. ಅವರು ಸಬ್ಹಾನ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಸೂಪರ್‌ವೈಸರ್. ಹನ್ನೊಂದು ವರ್ಷದ ಮಗಳು ಆಶ್ಲಿಗೆ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಸೆ. ಅಲ್ಲಿಗೆ ಹೋಗುವ ಮೊದಲು ಇಲ್ಲಿಯ ಒಳಾಂಗಣ ಹಿಮದ ಹಾಲ್‌ನಲ್ಲಿ ಸ್ವಲ್ಪ ಅಭ್ಯಾಸ ಆಗಲಿ ಎಂದು ಒಂದು ಶುಕ್ರವಾರ ಸಂಜೆ ಅಪ್ಪ ಮಗಳು ಹೊರಟರು.

ಹೊರಡುವಾಗ ಪಕ್ಕದ ಫ್ಲ್ಯಾಟಿನ ಆಯಿಶತ್ ನಿಶಾ ಒಂದು ಜೊತೆ ರಿಸ್ಟ್ ಗಾರ್ಡ್ ತಂದುಕೊಟ್ಟರು. ಮಣಿಕಟ್ಟಿಗೆ ಸುತ್ತಿ ಪಟ್ಟಿಯಿಂದ ಬಿಗಿಯುವ, ಒಳಗೆ ಗಟ್ಟಿ ಹಲಗೆಯಿರುವ ಕವಚ ಅದು. ನಿಶಾ ಫಿಸಿಯೋಥೆರಪಿಸ್ಟ್. ಬಿದ್ದು ಕೈ ಮುರಿದುಕೊಂಡವರನ್ನು ದಿನವೂ ನೋಡುವವರು.

ರುಡಾಲ್ಫ್ ನಕ್ಕುಬಿಟ್ಟರು. ಅದು ರೋಲರ್ ಸ್ಕೇಟಿಂಗ್ ಮಕ್ಕಳಿಗೆ, ಸ್ಕೀ ಮಾಡುವವರ ಕೈಯಲ್ಲಿ ಕೋಲು ಇರುತ್ತದೆ, ಸ್ಕೀ ಸಾಮಾನು ಬಾಡಿಗೆಗೆ ಕೊಡುವವರ ಪಟ್ಟಿಯಲ್ಲೂ ಇದರ ಹೆಸರಿಲ್ಲ ಎಂದರು.

ನಿಶಾ ವಾದಕ್ಕೆ ಇಳಿಯಲಿಲ್ಲ. ಸ್ಕೀಯಲ್ಲಿ ಮೊಣಕಾಲು ಮತ್ತು ಹೆಬ್ಬೆರಳಿಗೇ ಹೆಚ್ಚು ಪೆಟ್ಟಾಗುವುದು ನಿಜ ಎಂದು ಒಪ್ಪಿಕೊಂಡರು. "ಆದ್ರೆ ರುಡಾಲ್ಫಣ್ಣ, ಹೊಸಬರು ಬೀಳುವಾಗ ಫಸ್ಟ್ ಕೈ ಊರುದು. ಇಡೀ ಮೈಯ ಭಾರ ಆ ಮಣಿಕಟ್ಟಿನ ಮೇಲೆ. ಕಲಿಯುವವರೆಗೆ ಹಾಕಿದ್ರೆ ಎಂತ ನಷ್ಟ ಉಂಟು?"

ನಷ್ಟವೇನೂ ಇಲ್ಲವೆಂದು ರುಡಾಲ್ಫ್ ಅದನ್ನು ಚೀಲಕ್ಕೆ ಹಾಕಿಕೊಂಡರು.

ಹಾಲ್‌ನಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಆಶ್ಲಿ ತಾನಾಗಿಯೇ ಗಾರ್ಡ್ ಕಟ್ಟಿಕೊಂಡಳು. ಆದರೆ ಬಾಡಿಗೆಯ ಗ್ಲೌಸ್ ಅದರ ಮೇಲೆ ಏರಲಿಲ್ಲ. ಒಂದು ಸೈಜ್ ದೊಡ್ಡದು ಕೇಳಲು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಟಿಕೆಟ್ ಇದ್ದದ್ದು ಒಂದೇ ಗಂಟೆಗೆ. ಎದುರಿಗಿದ್ದ ತರಬೇತುದಾರನ ಕೈಯಲ್ಲೂ ಗಾರ್ಡ್ ಕಾಣಲಿಲ್ಲ. ರುಡಾಲ್ಫ್ ಎರಡೂ ಗಾರ್ಡ್‌ಗಳನ್ನು ತಾವೇ ಬಿಚ್ಚಿ ಚೀಲದಲ್ಲಿಟ್ಟರು. ಯಲ್ಲಾ, ಬೇಗ ಹೋಗು ಎಂದು ಮಗಳ ಬೆನ್ನು ತಟ್ಟಿದರು.

ಎರಡು ಸಲ ಅವಳು ಚೆನ್ನಾಗಿಯೇ ಇಳಿದಳು. ಮೂರನೆಯ ಸಲ ವೇಗ ಹೆಚ್ಚಾಯಿತು. ಹೆದರಿ ಹಿಂದಕ್ಕೆ ವಾಲಿದಳು, ಬಲಗೈಯನ್ನು ಹಿಂದೆ ಊರಿದಳು. ಅಷ್ಟೇ. ಅವಳು ಅಳಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಡ್ಯಾಡಿ, ಐ ಕಾಂಟ್ ಫೀಲ್ ಮೈ ಫಿಂಗರ್ಸ್."

ಗ್ಲೌಸಿನ ಮೇಲ್ಭಾಗದಲ್ಲಿ ಕೈ ಸೊಟ್ಟಗಾಗಿದ್ದು ರುಡಾಲ್ಫರ ಕಣ್ಣಿಗೆ ಬಿತ್ತು. ಎಳೆದರೆ ಸರಿಹೋದೀತೆಂದು ಕೈ ಹಿಡಿಯಲು ಹೋದವರು ತಡೆದುಕೊಂಡು ನಿಶಾರಿಗೆ ಫೋನ್ ಮಾಡಿದರು. ಎಳೆಯಬೇಡಿ, ತಿಕ್ಕಬೇಡಿ, ಇದ್ದ ಹಾಗೇ ಆಸರೆ ಕೊಟ್ಟು ಕಟ್ಟಿ, ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಎಂದು ನಿಶಾ ಒಂದೊಂದಾಗಿ ಹೇಳಿದರು. ತರಬೇತುದಾರ ಮೆತ್ತಗೆ ಗ್ಲೌಸ್ ಕತ್ತರಿಸಿ ತೆಗೆದ, ರಟ್ಟಿನ ಮೇಲೆ ಕೈ ಇಟ್ಟು ಶಾಲಿನಿಂದ ಕುತ್ತಿಗೆಗೆ ಕಟ್ಟಿದ. ಮಗಳಿಗೆ ಜ್ಯೂಸ್ ಕೊಡಲೇ ಎಂದು ರುಡಾಲ್ಫ್ ಕೇಳಿದಾಗ ನಿಶಾ ಅದನ್ನೂ ಬೇಡವೆಂದರು. ಅರಿವಳಿಕೆ ಕೊಡಬೇಕಾಗಿ ಬರಬಹುದು, ಹೊಟ್ಟೆ ಖಾಲಿ ಇರಬೇಕು.

ರಿಂಗ್ ರೋಡಿನಲ್ಲಿ ಶುಕ್ರವಾರದ ಟ್ರಾಫಿಕ್. ಕಾರು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಪ್ರತಿ ಸಿಗ್ನಲ್‌ನಲ್ಲೂ ರುಡಾಲ್ಫ್ ತಿರುಗಿ ಮಗಳ ಬೆರಳುಗಳ ಬಣ್ಣ ನೋಡಿದರು. ಬೆರಳು ಅಲ್ಲಾಡಿಸು ಎಂದರೆ ಅವಳು ತುಟಿ ಕಚ್ಚಿ ಎರಡನ್ನು ಮಾತ್ರ ಅಲ್ಲಾಡಿಸಿದಳು.

ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಮುರಿದು ಜರುಗಿದ್ದು ಕಾಣಿಸಿತು. ನರ ಒತ್ತಿಹೋಗಿದೆ, ಮೂಳೆಯನ್ನು ಈಗಲೇ ಕೂರಿಸಬೇಕು ಎಂದು ವೈದ್ಯರು ಅವಳನ್ನು ಒಳಗೆ ಕರೆದೊಯ್ದರು. ಅಷ್ಟರಲ್ಲಿ ಇಗರ್ಜಿಯ ಗಾಯನ ಅಭ್ಯಾಸದಿಂದ ಹೆಂಡತಿ ಆಗ್ನೆಸ್ ಓಡಿ ಬಂದರು. ಮನೆಯಿಂದ ನಿಶಾ ಕೂಡ ಬಂದರು. ಗಾರ್ಡ್ ಹಾಕಿಯೂ ಹೀಗಾಯಿತೇ ಎಂದು ಆಗ್ನೆಸ್ ಕೇಳಿದರು.

ಬಿದ್ದಾಗ ಕಳಚಿಹೋಯಿತು ಎನ್ನುವ ಸುಳ್ಳು ರುಡಾಲ್ಫರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಅವಳು ಕಟ್ಟಿಕೊಂಡಿದ್ದಳು. ನಾನೇ ಬಿಚ್ಚಿದ್ದು."

ಆಗ್ನೆಸ್ ಮುಚ್ಚಿದ ಬಾಗಿಲನ್ನೇ ನೋಡುತ್ತ ಕುಳಿತರು. ಮುಕ್ಕಾಲು ಗಂಟೆ ಕಳೆಯಿತು. ಗಾರ್ಡ್ ಇದ್ದಿದ್ದರೆ ಮುರಿಯುತ್ತಲೇ ಇರಲಿಲ್ಲವೇ ಎಂದು ರುಡಾಲ್ಫ್ ಕೊನೆಗೆ ನಿಶಾರನ್ನು ಕೇಳಿದರು.

"ಗ್ಯಾರಂಟಿ ಹೇಳ್ಲಿಕ್ಕೆ ಆಗುದಿಲ್ಲ ಅಣ್ಣ," ಎಂದರು ನಿಶಾ. "ಮುರಿಯುವ ಸಾಧ್ಯತೆ ಕಡಿಮೆ ಆಗ್ತಿತ್ತು. ಅಷ್ಟು ಮಾತ್ರ ಹೇಳ್ಬಹುದು."

ಬಾಗಿಲು ತೆರೆಯಿತು. ಮೂಳೆ ಸರಿಯಾಗಿ ಕೂತಿದೆ ಎಂದರು ವೈದ್ಯರು. ಅರಿವಳಿಕೆಯ ಅಮಲು ಇಳಿದ ಮೇಲೆ ಆಶ್ಲಿ ಐದೂ ಬೆರಳು ಅಲ್ಲಾಡಿಸಿ ತೋರಿಸಿದಳು. ರುಡಾಲ್ಫ್ ಗೋಡೆಗೆ ತಿರುಗಿ ಕಣ್ಣು ಒರೆಸಿಕೊಂಡರು.

ಆರು ವಾರ ಪ್ಲಾಸ್ಟರ್. ಜಾರ್ಜಿಯಾ ಪ್ರವಾಸ ರದ್ದಾಯಿತು. ಮುಂದಿನ ಚಳಿಗಾಲದಲ್ಲಿ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಅಪ್ಪ, ಅಮ್ಮ, ಮಗಳು ಮೂವರೂ ಅದೇ ಹಾಲ್‌ಗೆ ಹೋದರು. ಈ ಸಲ ರುಡಾಲ್ಫ್ ಎರಡು ಸಲ ಸಾಲಿನಲ್ಲಿ ನಿಂತು ದೊಡ್ಡ ಗ್ಲೌಸ್ ತಂದರು. ಮೊದಲು ತಮ್ಮ ಕೈಗೇ ಗಾರ್ಡ್ ಕಟ್ಟಿಕೊಂಡರು. ಮೊದಲ ಅರ್ಧ ಗಂಟೆ ಮೂವರೂ ಜಾರಲೇ ಇಲ್ಲ, ಬೀಳುವುದನ್ನು ಕಲಿತರು.

ಓದುವ ನಿಮಗೂ ಒಂದು ಮಾತು. ಮೊದಲ ಸಲ ಹಿಮಕ್ಕೆ ಇಳಿಯುತ್ತಿದ್ದೀರಾ? ಗ್ಲೌಸ್ ಜೊತೆ ಸರಿಯಾಗಿ ಕೂರುವ ರಿಸ್ಟ್ ಗಾರ್ಡನ್ನು ಮನೆಯಲ್ಲೇ ಹಾಕಿ ನೋಡಿ, ಕೋಲು ಹಿಡಿಯಲು ಮತ್ತು ಬಿಡಲು ಅಡ್ಡಿಯಾಗಬಾರದು. ಅದು ಹೆಬ್ಬೆರಳನ್ನಾಗಲಿ ಮೊಣಕಾಲನ್ನಾಗಲಿ ಕಾಯುವುದಿಲ್ಲ. ಹಾಗಾಗಿ ಹೆಲ್ಮೆಟ್ ಬಿಡಬೇಡಿ, ಬೀಳುವಾಗ ಕೋಲು ಕೈಬಿಡಿ, ಕೈ ಊರದೆ ಪಕ್ಕಕ್ಕೆ ಬೀಳುವುದನ್ನು ತರಬೇತುದಾರರಿಂದ ಕಲಿಯಿರಿ. ಮಕ್ಕಳು ತಾವಾಗಿ ಕಟ್ಟಿಕೊಂಡ ಗಾರ್ಡನ್ನು ಆತುರಕ್ಕೆ ಬಿದ್ದು ದಯವಿಟ್ಟು ಬಿಚ್ಚಬೇಡಿ.