ಪಾಟಾ ಕಟ್ಟಿದವರು ಹಿಂದೆ ಕೂರಬೇಕು

ಬೆಳಗಾವಿಯ ಉದ್ಯಮಬಾಗದ ಯೂಸುಫ ಮಿಸ್ತ್ರಿಯ ಶೆಡ್ಡಿನಲ್ಲಿ ನಲವತ್ತು ವರ್ಷಗಳಿಂದ ಒಂದು ರೂಢಿ ಇತ್ತು. ಗಾಡಿಯ ಪಾಟಾ, ಅಂದರೆ ಹಿಂದಿನ ಚಕ್ರಗಳ ಮೇಲೆ ಒಂದರ ಮೇಲೊಂದು ಬಿಗಿದ ಉಕ್ಕಿನ ಪಟ್ಟಿಗಳು, ರಿಪೇರಿಯಾದ ಮೇಲೆ ಮೊದಲ ಓಟಕ್ಕೆ ಮಿಸ್ತ್ರಿಯೇ ಹಿಂದಿನ ಖಾಲಿ ಬಾಡಿಯಲ್ಲಿ, ಆಕ್ಸಲ್ಲಿನ ನೇರಕ್ಕೆ ಕೂರುತ್ತಿದ್ದ. ಕೆಲಸ ಸರಿಯಾಗಿದ್ದರೆ ಸುಮ್ಮನಿರುತ್ತಿದ್ದ. ಇಲ್ಲವಾದರೆ ಕ್ಯಾಬಿನ್ನಿನ ತಗಡನ್ನು ಮುಷ್ಟಿಯಿಂದ ಮೂರು ಸಲ ಬಡಿಯುತ್ತಿದ್ದ. ಆಗ ಗಾಡಿ ತಿರುಗಿ ಶೆಡ್ಡಿಗೆ ಬರುತ್ತಿತ್ತು, ಪಾಟಾ ಮತ್ತೆ ಬಿಚ್ಚುತ್ತಿದ್ದರು.

ಮಗ ಖಲೀಲ ಪಾಟಾ ಕಟ್ಟಲು ಶುರುಮಾಡಿ ಆರು ವರ್ಷ. ಅವನು ಕಟ್ಟಿದ ಗಾಡಿಗಳಲ್ಲಿ ಯೂಸುಫ ಬಡಿಯದೆ ಬಂದದ್ದು ಕಡಿಮೆ. ಇಳಿದ ಮೇಲೆ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ: "ನಮ್ಮ ಖಲೀಲ ಕಟ್ಟ್ಯಾನ್ರಿ. ಅದಕ್ಕ ಗಾಡಿಗಿ ಕುದುರಿ ಚಾಳಿ ಬಂದೇತಿ." ಎಲ್ಲರೂ ನಗುತ್ತಿದ್ದರು. ಖಲೀಲನೂ ನಗುತ್ತಿದ್ದ.

ಖಾನಾಪುರದ ಶಶಿಧರನಿಗೆ ಇಟ್ಟಿಗೆ ಭಟ್ಟಿ ಇತ್ತು, ಆರು ಪಿಕಪ್ ಗಾಡಿಗಳಿದ್ದವು. ಹೆಚ್ಚು ಇಟ್ಟಿಗೆ ಹೇರಬೇಕೆಂದು ಹಿಂದಿನ ವರ್ಷ ಒಂದು ಗಾಡಿಗೆ ಎರಡೂ ಬದಿ ಎರಡೆರಡು ಪಾಟಾ ಜಾಸ್ತಿ ಹಾಕಿಸಿದ್ದ. ಈಗ ಅದೇ ಗಾಡಿ ಬೆಳಗಾವಿಯಿಂದ ಮರಳುವಾಗ ತತ್ತಿ ಒಯ್ಯುತ್ತಿತ್ತು. ಹಗುರ ಹೊರೆಗೆ ಆ ಪಾಟಾ ಬಗ್ಗುತ್ತಿರಲಿಲ್ಲ. ಪ್ರತಿ ಗುಂಡಿಯಲ್ಲೂ ಗಾಡಿಯ ಹಿಂಭಾಗ ಎಗರಿ ಬೀಳುತ್ತಿತ್ತು.

"ತತ್ತಿ ಹೇರಿ ಆಮ್ಲೇಟ್ ಇಳಸಾಕತ್ತೇನಿ, ಉಸ್ತಾದ್," ಎಂದ ಶಶಿಧರ.

ಯೂಸುಫ ಗಾಡಿಯ ಕೆಳಗೆ ಬಗ್ಗಲಿಲ್ಲ. ಈಚೆಗೆ ಬಗ್ಗಲು ಆಗುತ್ತಿರಲಿಲ್ಲ. ಬಂಪರಿನ ಮೇಲೆ ಎರಡೂ ಅಂಗೈ ಊರಿ ಒತ್ತಿದ, ಬಿಟ್ಟ. "ಜಾಸ್ತಿ ಹಾಕಿದ್ದು ತಗೀಬೇಕ್ರಿ. ಬ್ಯಾರೆ ಔಷಧಾ ಇಲ್ಲ."

"ತಗದ್ರ ಇಟ್ಟಂಗಿ ಏನ್ ಸೈಕಲ್ ಮ್ಯಾಲ ಒಯ್ಲೇನ್ರಿ? ಪಾಟಾನೂ ಇರಬೇಕು, ಜಿಗಿಯೂದೂ ನಿಲ್ಲಬೇಕು."

"ಎರಡೂ ಆಗೂದಿಲ್ಲ. ಕ್ವಾಣಾನರ ಸಾಕ್ರಿ, ಆಕಳಾನರ ಸಾಕ್ರಿ."

ಶಶಿಧರ ಖಲೀಲನ ಕಡೆ ತಿರುಗಿದ. "ನೀ ಏನಂತಿಯೋ? ನಿಮ್ಮ ಕಡಿಂದ ಆಗೂದಿಲ್ಲಂದ್ರ ಆರೂ ಗಾಡಿ ಬ್ಯಾರೆ ಮಿಸ್ತ್ರಿ ಕಡೆ ಹೊಡಸ್ತೇನಿ."

"ಆಗತೈತ್ರಿ, ಅಣ್ಣಾರ. ಬುಶ್ ಬದಲಿ ಮಾಡಿ ಹೊಸಾ ಶಾಕಪ್ ಹಾಕಿದ್ರ ಹೂವಿನ್ಹಂಗ ಹೋಗತೈತಿ."

ಯೂಸುಫ ಮಗನನ್ನು ನೋಡಿದ.

ಮರುದಿನ ಮಧ್ಯಾಹ್ನ ಕೆಲಸ ಮುಗಿಯಿತು. ಖಲೀಲ ಹಿಂದಿನ ಬಾಡಿಯೊಳಗೆ ಹತ್ತಲು ಹೋದಾಗ ಶಶಿಧರ ತಡೆದ. "ನೀ ಕುಂತ್ರ ಏನ್ ತಿಳಿತೈತಿ? ನಿಮ್ಮಪ್ಪ ಕುಂದರ್ಲಿ. ಅವರ ರೂಢಿ ಊರಿಗೆಲ್ಲಾ ಗೊತ್ತೈತಿ. ಏನ್ರಿ ಉಸ್ತಾದ್, ಮಗನ ಕೆಲಸಾ ಅಂದ ಕೂಡಲೆ ಅಂಜಿಕಿ ಬಂತೇನು?"

ಇಪ್ಪತ್ತು ದಿನದ ಹಿಂದೆ ಸದಾಶಿವನಗರದ ಡಾಕ್ಟರು ಯೂಸುಫನ ಬೆನ್ನಿನ ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಅಪ್ಪ ಮಗ ಇಬ್ಬರಿಗೂ ತೋರಿಸಿದ್ದರು. ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಎರಡೂ ಕಾಲು ಹೋಗಬಹುದು ಎಂದಿದ್ದರು. ಅಂದಿನಿಂದ ಯೂಸುಫ ಯಾವ ಗಾಡಿಗೂ ಹತ್ತಿರಲಿಲ್ಲ. ಈಗ ಅವನು ಮಗನ ಮುಖ ನೋಡುತ್ತ ನಿಂತ. ಬೇಡ ಎಂದು ಮಗನೇ ಹೇಳಲಿ ಎಂದು ಕಾಯುವವನಂತೆ ನಿಂತ. ಖಲೀಲ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ. ಒರೆಸುವುದು ಮುಗಿಯಲೇ ಇಲ್ಲ.

"ಕುಂದರ್ತೇನ್ರಿ," ಎಂದ ಯೂಸುಫ.

ಶಶಿಧರ ಗಾಡಿ ನಡೆಸಿದ, ಖಲೀಲ ಅವನ ಪಕ್ಕದಲ್ಲಿ ಕೂತ. ಪೀರನವಾಡಿಯವರೆಗೆ ಹೋಗಿ ತಿರುಗುವುದು ವಾಡಿಕೆ. ಶಶಿಧರ ತಿರುಗಿಸಲಿಲ್ಲ. "ತತ್ತಿ ಒಡಿಯೂದು ಖಾನಾಪುರ ರಸ್ತೆದಾಗ. ಅಲ್ಲೇ ನೋಡೂಣು," ಎಂದ. ರಸ್ತೆ ಅಗೆದಿದ್ದ ಕಡೆ ಹಿಂದಿನ ಚಕ್ರಗಳು ಎಗರಿದವು. ಮೈಯೊಂದು ತಗಡಿನ ಮೇಲೆ ಬಿದ್ದ ಸದ್ದಾಯಿತು. ಆಮೇಲೆ ಬಡಿತ. ಒಂದು, ಎರಡು, ಮೂರು.

"ಏನದು?" ಎಂದ ಶಶಿಧರ.

"ಜ್ಯಾಕ್ ಇರಬೇಕ್ರಿ. ಹಿಂದ ಒಗದೇನಿ."

ಮಚ್ಛೆ ಬಂದಾಗ ಹೇಳಿಬಿಡಬೇಕು ಅಂದುಕೊಂಡ ಖಲೀಲ. ಮಚ್ಛೆ ಹಿಂದೆ ಹೋಯಿತು. ದೇಸೂರು ಬಂದಾಗ, ಇಷ್ಟು ದೂರ ಬಂದ ಮೇಲೆ ಏನೆಂದು ಹೇಳುವುದು ಅನ್ನಿಸಿತು. ಮತ್ತೆ ಬಡಿತ ಕೇಳಿಸಿತು. ಈ ಸಲ ನಡುನಡುವೆ ತುಂಬ ಹೊತ್ತು ಬಿಟ್ಟು, ಮೂರು.

ಶಶಿಧರ ಗೇರ್ ಬದಲಿಸಿ ನಕ್ಕ. "ನಿಮ್ಮ ಜ್ಯಾಕ್ ಭಾಳ ಶ್ಯಾಣ್ಯಾ ಐತಿ ಬಿಡು. ಬರೋಬ್ಬರಿ ಮೂರಕ್ಕ ನಿಲ್ಲತೈತಿ."

ಖಲೀಲನೂ ನಕ್ಕ. ಹಾಗೆ ನಗುವುದು ಅವನಿಗೆ ರೂಢಿಯಾಗಿತ್ತು. ಆಮೇಲೆ ಹಿಂದಿನಿಂದ ಯಾವ ಬಡಿತವೂ ಬರಲಿಲ್ಲ. ಖಾನಾಪುರ ದಾಟಿ ಭಟ್ಟಿಯ ಮಣ್ಣಿನ ದಾರಿಗೆ ಇಳಿದಾಗಲೂ ಬರಲಿಲ್ಲ.

ಗಾಡಿ ನಿಂತಾಗ ಯೂಸುಫ ಕೂತಿರಲಿಲ್ಲ. ಅಂಗಾತ ಬಿದ್ದುಕೊಂಡಿದ್ದ. ಟೋಪಿ ದೂರದ ಮೂಲೆಗೆ ಸರಿದಿತ್ತು.

"ಹೆಂಗೈತ್ರಿ ಉಸ್ತಾದ್?" ಎಂದು ಶಶಿಧರ ಕೇಳಿದ.

ಮಗನ ಮುಖ ಕಾಣಿಸುವವರೆಗೆ ಯೂಸುಫ ಕಾದ. "ಬಡದೆ," ಎಂದ.

"ಕೇಳಸಲಿಲ್ಲ, ಅಬ್ಬಾ."

ಭಟ್ಟಿಯ ಹೊಗೆ ತಗ್ಗಿನಲ್ಲೇ ಹರಿಯುತ್ತಿತ್ತು.

"ಹಂಗಾರ ಛಲೋ ಕಟ್ಟೀದಿ," ಎಂದ ಯೂಸುಫ. ಮಗನ ಕೆಲಸವನ್ನು ಅವನು ಗಿರಾಕಿಯ ಎದುರು ಹೊಗಳಿದ್ದು ಅದೇ ಮೊದಲು.

ಎಬ್ಬಿಸಲು ನೋಡಿದರು. ಸೊಂಟ ಮುಟ್ಟಿದರೆ ಚೀರಿದ. ಖಲೀಲ ಆಂಬುಲೆನ್ಸಿಗೆಂದು ಫೋನ್ ತೆಗೆದ.

"ಬ್ಯಾಡ," ಎಂದ ಯೂಸುಫ. "ಮಿಸ್ತ್ರಿನ್ನ ಆಂಬುಲೆನ್ಸದಾಗ ತಂದ್ರು ಅಂತ ಮಂದಿ ಆಡಕೋಬಾರದು. ಇದರಾಗ ಬೆಳಗಾವಿಗಿ ಒಯ್ಯಿ. ಲೋಡ್ ಹಾಕು. ಲೋಡ್ ಬಿದ್ರ ಪಾಟಾ ಬಗ್ಗತೈತಿ, ಜಿಗಿಯೂದಿಲ್ಲ."

"ಖರೇ ಮಾತು," ಎಂದ ಶಶಿಧರ. "ಅಲ್ಲೇ ಮಹಾಂತೇಶ ನಗರಕ್ಕ ಹೆಂಗೂ ಇವತ್ತ ಇಟ್ಟಂಗಿ ಕಳಸೂದಿತ್ತು. ಬಾಜೂಕ ಹಾಕ್ರಿ, ನಡು ಉಸ್ತಾದ್ ಇರ್ಲಿ." ಆಳುಗಳನ್ನು ಕೂಗಿ ಕರೆದು ಚಹಾ ಕುಡಿಯಲು ಹೋದ.

ಆಳುಗಳು ಇಟ್ಟಿಗೆ ಎತ್ತಿಕೊಟ್ಟರು, ಖಲೀಲ ಒಳಗೆ ನಿಂತು ಜೋಡಿಸಿದ. ಯೂಸುಫ ಆಕಾಶ ನೋಡುತ್ತಲೇ ಹೇಳುತ್ತಿದ್ದ: "ತುದಿಗಿ ಬ್ಯಾಡ. ಆಕ್ಸಲ್ ಮ್ಯಾಲ ಬರ್ಲಿ." ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಎದ್ದವು. ಕಾಲಿನ ಬದಿ ಮೂರನೆಯ ಸಾಲು ಇಡುವಾಗ ಖಲೀಲನ ಕೈ ಜಾರಿತು. ಇಟ್ಟಿಗೆ ಅಂಚು ಕೆಳಗಾಗಿ ನೇರವಾಗಿ ಅಪ್ಪನ ಬರಿಗಾಲಿಗೆ ಬಿತ್ತು. ಹೆಬ್ಬೆರಳಿನ ಉಗುರು ಎದ್ದು ರಕ್ತ ಬಂತು.

ಖಲೀಲ ಅಪ್ಪನ ಮುಖ ನೋಡಿದ.

"ಯಾಕ ನಿಂತಿ?" ಎಂದ ಯೂಸುಫ. "ಕಾಲಿನ ಕಡೆ ಇನ್ನೂ ಹಾಕಿಲ್ಲೇನು? ಲಗೂನ ಹಾಕು."