ಸದ್ದಿನ ಕಡೆಗೆ ಓಡಿದವಳು

ನನ್ನ ತಮ್ಮ ದೊರೆಸ್ವಾಮಿಯ ಮಗಳು ಮಂಗಳನನ್ನು ಪೊಲೀಸರು ನೆಲಕ್ಕೆ ಒತ್ತಿ ಹಿಡಿದಿದ್ದನ್ನು ಟಿ.ವಿ.ಯವರು ಇಡೀ ದಿನ ತೋರಿಸಿದರು. ತೋರಿಸಲಿ, ಅವರ ಹೊಟ್ಟೆ ತಣ್ಣಗಿರಲಿ. ಅವಳು ಯಾಕೆ ಓಡಿದಳು ಎಂದು ಒಬ್ಬನಾದರೂ ಕೇಳಿದನೇ? ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈ ರಂಗಮ್ಮನ ಬಾಯಿಗೆ ಹೆದರದ ದಲ್ಲಾಳಿ ಇಲ್ಲ. ಅವತ್ತು ಬೆಂಗಳೂರಿನಲ್ಲಿ ಮಾತ್ರ ನನ್ನ ಬಾಯಿ ಯಾವ ಕೆಲಸಕ್ಕೂ ಬರಲಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ, ಕೇಳಿ.

ನಮ್ಮೂರು ಹನೂರಿನಾಚೆ, ಕಾಡಿನ ಅಂಚಿಗಿದೆ. ಜೋಳ ತೆನೆ ಕಟ್ಟಿತೆಂದರೆ ಆನೆಗೆ ಯಾರೂ ಹೇಳಿ ಕಳಿಸಬೇಕಿಲ್ಲ. ಗಂಡಸರು ಹೊತ್ತು ಮುಳುಗುವ ಮೊದಲೇ ಹೊಲದ ಅಟ್ಟಣೆ ಹತ್ತುತ್ತಾರೆ, ಆನೆ ಬಂದರೆ ಪಟಾಕಿ ಹೊಡೆಯುತ್ತಾರೆ. ಒಬ್ಬರ ಹೊಲದಲ್ಲಿ ಪಟಾಕಿ ಸಿಡಿದರೆ ಊರಿನವರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಆ ಸದ್ದಿನ ಕಡೆಗೆ ಓಡಬೇಕು. ತಟ್ಟೆಯೋ, ತಗಡೋ, ಬ್ಯಾಟರಿಯೋ, ಏನಾದರೂ ಸರಿ. ಮಾತು ಬಿಟ್ಟ ದಾಯಾದಿಯ ಹೊಲವಾದರೂ ಓಡಲೇಬೇಕು. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ನಡೆಯಲು ಕಲಿತ ಮಕ್ಕಳು ದೊಡ್ಡವರ ಹಿಂದೆ ಓಡಿ ಓಡಿ ಕಲಿಯುತ್ತವೆ.

ನನ್ನ ತಮ್ಮ ಸತ್ತದ್ದು ದೀಪಾವಳಿಯ ದಿನ, ಮುಚ್ಚಂಜೆ ಹೊತ್ತಿನಲ್ಲಿ. ಹಬ್ಬದ ದಿನವಾದರೂ ಕಾವಲು ಬಿಡುವ ಹಾಗಿರಲಿಲ್ಲ, ಅವನು ಹೊಲಕ್ಕೆ ಹೋದ. ಆನೆ ಬಂತು, ಪಟಾಕಿ ಹೊಡೆದ. ಮತ್ತೆ ಹೊಡೆದ. ಊರಿನ ಬೀದಿ ಬೀದಿಯಲ್ಲೂ ಮಕ್ಕಳು ಪಟಾಕಿ ಹೊಡೆಯುತ್ತಿದ್ದವು, ಅವನದು ಯಾವುದು, ಮಕ್ಕಳದು ಯಾವುದು ಎಂದು ಯಾರಿಗೆ ತಿಳಿಯಬೇಕು? ಒಬ್ಬರೂ ಓಡಲಿಲ್ಲ. ಅಯ್ಯೋ ಶಿವನೇ, ಊರೆಲ್ಲ ಒಬ್ಬಟ್ಟು ತಿನ್ನುತ್ತ ಕೂತಿತ್ತು. ಬೆಳಗ್ಗೆ ಅವನ ಪಕ್ಕದಲ್ಲಿ ಬಿದ್ದಿದ್ದ ರೆಕ್ಸಿನ್ ಚೀಲವನ್ನು ಮಂಗಳನೇ ಎತ್ತಿಕೊಂಡು ಬಂದಳು. ಪಟಾಕಿ, ಬೆಂಕಿಪೊಟ್ಟಣ, ಬೀಡಿ ಎಲ್ಲ ಅವನು ಅದರಲ್ಲೇ ಇಟ್ಟುಕೊಳ್ಳುತ್ತಿದ್ದ. ಹೊಲಿಗೆಯ ಸಂದಿಗೆಲ್ಲ ಮದ್ದಿನ ಪುಡಿ ಹತ್ತಿತ್ತು, ಒಗೆದರೂ ವಾಸನೆ ಹೋಗಲಿಲ್ಲ.

ಆಮೇಲೆ ಅವಳನ್ನು ಕೊಳ್ಳೇಗಾಲಕ್ಕೆ ಕರೆತಂದು ನನ್ನ ಮನೆಯಲ್ಲಿಟ್ಟುಕೊಂಡು ಓದಿಸಿದೆ. ಓದು ಅಷ್ಟಕ್ಕಷ್ಟೆ. ಚೆಂಡು ಕೊಟ್ಟರೆ ಮಾತ್ರ ಬೇರೆಯೇ ಹುಡುಗಿ. ಎಡಗೈಯಲ್ಲಿ ಅವಳು ಎಸೆದ ಚೆಂಡು ನೆಲಕ್ಕೆ ಬಿದ್ದ ಮೇಲೆ ಹೋಗುವ ದಿಕ್ಕು ಆ ಮಾದಪ್ಪನಿಗೇ ಗೊತ್ತು. ವ್ಯಾಯಾಮದ ಮೇಷ್ಟ್ರು ಶಿವರುದ್ರಸ್ವಾಮಿ ಅವಳನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ ಆಡಿಸಿದರು. ಈ ವರ್ಷ ಬೆಂಗಳೂರಿನಲ್ಲಿ ಹೆಂಗಸರ ಅಂತಾರಾಷ್ಟ್ರೀಯ ಕ್ರಿಕೆಟ್ ಟೂರ್ನಿ ಬಂತು. ಪಂದ್ಯಕ್ಕೆ ಮುಂಚೆ ನಮ್ಮ ದೇಶದ ಆಟಗಾರ್ತಿಯರು ಅಭ್ಯಾಸ ಮಾಡುವಾಗ ಅವರಿಗೆ ಚೆಂಡು ಎಸೆಯಲು ಹುಡುಗಿಯರು ಬೇಕು, ನೆಟ್ ಬೌಲರ್ ಅನ್ನುತ್ತಾರೆ. ಮಂಗಳನಿಗೆ ಕರೆ ಬಂತು.

"ಆಯ್ಕೆ ಮಾಡೋರು ಅಲ್ಲೇ ಕುಂತು ನೋಡ್ತರೆ ಕಣಮ್ಮ," ಎಂದು ಮೇಷ್ಟ್ರು ಅವಳಿಗೆ ಬಿಡಿಸಿ ಹೇಳಿದರು. "ಅವ್ರ್ ಕಣ್ಗೆ ಬಿದ್ರೆ ದೊಡ್ಡ ಕ್ಯಾಂಪು. ಬೀಳ್ನಿಲ್ಲ ಅಂದ್ರೆ ನಿನ್ ವಯ್ಸಿಗೆ ಇನ್ನೊಂದ್ ಸಲ ಸಿಕ್ಕೋದು ಕಷ್ಟ."

ಹೊರಡುವ ದಿನ ನಾನು ಹೊಸ ಬ್ಯಾಗು ತಂದೆ. ಅವಳು ಅದನ್ನು ಮೂಲೆಗೆ ಸರಿಸಿ ಅಪ್ಪನ ಚೀಲಕ್ಕೇ ಬಟ್ಟೆ ತುಂಬುತ್ತಿದ್ದಳು.

"ಲೇ, ದೇಸದ್ ಟೀಮ್ ಮುಂದ್ಕೆ ಈ ಅರ್ಕಲು ಚೀಲ ತಕಂಡು ಓಯ್ತೀಯಾ? ನನ್ ಮಾನ ಕಳೀಬೇಕು ಅಂತ್ಲೇ ಉಟ್ಟಿದ್ದೀಯ!"

"ಸ್ಟೇಡಿಯಮ್ ನೋಡ್ಬೇಕು ಅಂತ ಅಪ್ಪ ಆಸೆ ಇಟ್ಕಂಡಿತ್ತು ಕಣತ್ತೆ," ಅಂದಳು. "ಇದಾದ್ರೂ ಬರ್ಲಿ ಬುಡು."

ರೊಟ್ಟಿ ಕಟ್ಟಿ ನಾನೇ ಆ ಚೀಲಕ್ಕೆ ಹಾಕಿದೆ.

ಬೆಂಗಳೂರಿನಲ್ಲಿ ಇಳಿದು ನಾವಿಬ್ಬರೂ ಹೋಗಿ ನೋಡಿದರೆ ಮೈದಾನದ ಸುತ್ತ ಪೊಲೀಸರೋ ಪೊಲೀಸರು. ಸ್ಟೇಡಿಯಮ್ಮಿಗೆ ಬಾಂಬ್ ಇಡುತ್ತೇವೆಂದು ಯಾರೋ ಮನೆಹಾಳರು ಅವತ್ತೇ ಇ-ಮೇಲ್ ಕಳಿಸಿದ್ದರಂತೆ. ಮಂಗಳನ ಕೊರಳಿಗೆ ಗುರುತಿನ ಕಾರ್ಡು ಹಾಕಿ, ಬೂಟಿನ ತಳದವರೆಗೂ ತಡಕಿ ಒಳಗೆ ಬಿಟ್ಟರು. ಚೀಲ ಬಿಡಲಿಲ್ಲ. ನಾನು ಹಿಡಿದುಕೊಂಡು ನಿಲ್ಲುತ್ತೇನೆಂದರೆ ಅದೂ ಆಗದು, ಗೇಟಿನ ಹತ್ತಿರ ಚೀಲ ಹಿಡಿದು ಯಾರೂ ನಿಲ್ಲಬಾರದು. ಎಲ್ಲರ ಚೀಲಗಳನ್ನೂ ಗೋಡೆಯ ಬುಡದಲ್ಲಿ ಇಡಿಸುತ್ತಿದ್ದರು. ಅಲ್ಲೇ ಇಟ್ಟೆ.

ಅಭ್ಯಾಸದ ಮೈದಾನ ಗೇಟಿನ ಪಕ್ಕದಲ್ಲೇ ಇತ್ತು. ತಂತಿಬೇಲಿಯ ಸಂದಿಯಲ್ಲಿ ಕಣ್ಣಿಟ್ಟು ನಿಂತೆ. ಟಿ.ವಿ.ಯಲ್ಲಿ ಮಾತ್ರ ನೋಡಿದ್ದ ದೊಡ್ಡ ಆಟಗಾರ್ತಿಯೊಬ್ಬಳು ಬ್ಯಾಟು ಹಿಡಿದು ನಿಂತಿದ್ದಳು. ನಮ್ಮ ಹುಡುಗಿ ಎಸೆದ ಚೆಂಡು ಅವಳನ್ನು ದಾಟಿಕೊಂಡು ಹೋಗಿ ಕಡ್ಡಿಗಳನ್ನು ಬೀಳಿಸಿತು. ಆ ಆಟಗಾರ್ತಿ ನಕ್ಕು, ಇನ್ನೊಂದು ಸಲ ಹಾಗೇ ಹಾಕು ಎಂದು ಕೈಸನ್ನೆ ಮಾಡಿದಳು. ಹಿಂದೆ ಕುರ್ಚಿಯಲ್ಲಿ ಕೂತಿದ್ದವರು ಎದ್ದು ಹತ್ತಿರ ಬಂದರು. ಮಂಗಳನ ಮುಖ ನೋಡಬೇಕಿತ್ತು! ಅಪ್ಪ ಸತ್ತ ಮೇಲೆ ಆ ಮುಖದಲ್ಲಿ ಅಂಥ ನಗೆಯನ್ನು ನಾನು ನೋಡಿಯೇ ಇರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಗದ್ದಲವಾಯಿತು. ಪೊಲೀಸ್ ನಾಯಿಯೊಂದು ಚೀಲಗಳನ್ನೆಲ್ಲ ಮೂಸುತ್ತ ಬಂದು ನನ್ನ ತಮ್ಮನ ಚೀಲದ ಮುಂದೆ ಕೂತುಬಿಟ್ಟಿತ್ತು. ಬೊಗಳಲಿಲ್ಲ, ಮುಟ್ಟಲಿಲ್ಲ, ಸುಮ್ಮನೆ ಕೂತಿತು. ಮದ್ದಿನ ವಾಸನೆ ಸಿಕ್ಕರೆ ಅದು ಹಾಗೇ ಕೂರುತ್ತದಂತೆ. ಜನರನ್ನೆಲ್ಲ ಹಿಂದಕ್ಕೆ ತಳ್ಳಿ ಹಗ್ಗ ಕಟ್ಟಿದರು. ನಾನು ಹಗ್ಗದಡಿ ನುಗ್ಗಿ ಇನ್‌ಸ್ಪೆಕ್ಟರನ ಮುಂದೆ ನಿಂತೆ.

"ಅದು ಆನೆ ಪಟಾಕಿ ವಾಸ್ನೆ ಕಣ್ರಿ ಸಾ! ನನ್ ತಮ್ಮನ್ ಚೀಲ ಅದು. ಅವ್ನು ಆನೆ ಓಡ್ಸಕ್ಕೋಗಿ ಸತ್ತೋದ. ಒಳಗೆ ಎಣ್ಣುಮಗಿನ್ ಬಟ್ಟೆ ಅದೆ, ರೊಟ್ಟಿ ಅದೆ, ಇನ್ನೇನೂ ಇಲ್ಲ. ತಗೀರಿ, ನಾನೇ ಬಿಚ್ಚಿ ತೋರುಸ್ತೀನಿ!"

ಅವನು ಕೆಟ್ಟವನಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದ. ಹನೂರಿನ ಕಡೆಗೆ ಫೋನು ಮಾಡಿ ವಿಚಾರಿಸಲು ಒಬ್ಬನಿಗೆ ಹೇಳಿದ. ಆಮೇಲೆ, "ಅಮ್ಮಾ, ನೀವು ಹೇಳೋದು ನಿಜ ಇರಬಹುದು. ಆದ್ರೆ ನಾಯಿ ಕೂತ ಮೇಲೆ ಆ ಬ್ಯಾಗನ್ನ ಯಾರೂ ಕೈಯಲ್ಲಿ ಬಿಚ್ಚೋ ಹಾಗಿಲ್ಲ. ಇವತ್ತಂತೂ ಆಗೋದೇ ಇಲ್ಲ. ಹೆಚ್ಚುಕಮ್ಮಿ ಆದ್ರೆ ಸಾಯೋರು ನಮ್ಮ ಹುಡುಗ್ರು," ಅಂದ. ದೂರದಿಂದ ನೀರಿನ ಬಂದೂಕು ಹಾರಿಸಿ ಚೀಲವನ್ನು ಒಡೆಯುತ್ತಾರಂತೆ. ನಾನು ಬೈದೆ, ಅತ್ತೆ, ಕೈಮುಗಿದೆ. ಇಬ್ಬರು ಹೆಂಗಸು ಪೊಲೀಸರು ನನ್ನನ್ನು ಎಳೆದುಕೊಂಡು ಹೋಗಿ ಹಗ್ಗದಾಚೆ ನಿಲ್ಲಿಸಿದರು.

ಸದ್ದಾಗುತ್ತದೆ, ಹೆದರಬೇಡಿ ಎಂದು ಒಳಗಿದ್ದ ಆಟಗಾರ್ತಿಯರಿಗೆ ಮುಂಚೆಯೇ ಹೇಳಿದ್ದರಂತೆ. ನೆಟ್ ಬೌಲರಿಗೆ ಯಾರು ಹೇಳುತ್ತಾರೆ?

ಢಂ ಎಂದಿತು. ಥೇಟ್ ಆನೆ ಪಟಾಕಿಯ ಸದ್ದು. ಜನ ಕಿವಿ ಮುಚ್ಚಿಕೊಂಡು ಅಲ್ಲಲ್ಲೇ ಕುಕ್ಕರಿಸಿದರು. ಆಗ ಅಭ್ಯಾಸದ ಮೈದಾನದ ಕಡೆಯಿಂದ ಒಬ್ಬಳು, ಒಬ್ಬಳೇ ಒಬ್ಬಳು, ಆ ಹೊಗೆಯ ಕಡೆಗೆ ಓಡಿ ಬರುವುದು ಕಾಣಿಸಿತು. ಗೇಟಿನವನು ತಡೆಯುವಷ್ಟರಲ್ಲಿ ಅವನನ್ನು ದಾಟಿದ್ದಳು. ಬ್ಯಾರಿಕೇಡಿನಡಿ ನುಸುಳಿದಳು. ಎಡಗೈಯಲ್ಲಿ ಚೆಂಡು ಹಾಗೇ ಇತ್ತು.

"ಬಂದೇ ಅಪ್ಪಾ! ಬಂದೇ!"

ಆ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಪೊಲೀಸರಿಗೆ ಕಂಡದ್ದು ಕೈಯಲ್ಲಿ ಏನನ್ನೋ ಹಿಡಿದು ಬಾಂಬಿನ ಕಡೆಗೆ ನುಗ್ಗುತ್ತಿರುವ ಹುಡುಗಿ. "ಬಿಸಾಕು! ಕೈಲಿರೋದು ಬಿಸಾಕು!" ಎಂದು ಅರಚಿ ಬಂದೂಕು ಎತ್ತಿದರು. ಅವಳಿಗೆ ಕೇಳಿಸಲೇ ಇಲ್ಲ. "ಕ್ರಿಕೆಟ್ ಬಾಲ್ ಕಣ್ರೋ! ಬಾಲ್ ಕಣ್ರಪ್ಪಾ!" ಎಂದು ನಾನು ಎದೆ ಎದೆ ಬಡಿದುಕೊಂಡೆ. ಗುಂಡು ಹಾರಿಸಲಿಲ್ಲ, ಮಾದಪ್ಪ ದೊಡ್ಡವನು. ನಾಲ್ಕಾರು ಜನ ಮೇಲೆ ಬಿದ್ದು ನೆಲಕ್ಕೆ ಕೆಡವಿದರು. ಕೆನ್ನೆ ಮಣ್ಣಿಗೆ ಒತ್ತಿದ್ದರೂ ಅವಳ ಕಣ್ಣು ಚೂರುಚೂರಾದ ಚೀಲದ ಮೇಲೇ ಇತ್ತು.

ಹನೂರಿನಿಂದ ಫೋನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್‌ಸ್ಪೆಕ್ಟರ್ ಅವಳಿಗೆ ನೀರು ಕೊಟ್ಟು, "ತಪ್ಪಾಯ್ತಮ್ಮ," ಅಂದ. ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ಕೊರಳಿನ ಕಾರ್ಡನ್ನು ಬೇರೆ ಯಾರೋ ಕೋಟಿನವರು ಬಂದು ಕತ್ತರಿಸಿಕೊಂಡು ಹೋಗಿದ್ದರು, ಅದನ್ನು ತಡೆಯುವುದು ಅವನ ಕೈಯಲ್ಲಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವತ್ತೇ ಬಸ್ಸು ಹತ್ತಿದೆವು. ಕೊಳ್ಳೇಗಾಲದಲ್ಲಿ ಇಳಿಯದೆ ನೇರ ಊರಿಗೇ ಕರೆದುಕೊಂಡು ಹೋದೆ. ಅವಳ ತಾಯಿ ಲಕ್ಷ್ಮಿದೇವಿ ಟಿ.ವಿ. ನೋಡಿ ಆಗಲೇ ಅತ್ತು ಮುಖವೆಲ್ಲ ಊದಿಸಿಕೊಂಡಿದ್ದಳು. ಮಗಳ ಮೈಮೇಲಿನ ತರಚು ಗಾಯಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅಷ್ಟರಲ್ಲಿ ಮೇಷ್ಟ್ರ ಫೋನು ಬಂತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

"ರಂಗಮ್ಮ, ದೊಡ್ಡೋರ ಕಾಲು ಕೈ ಇಡ್ದು ಮಾತಾಡಿವ್ನಿ. ನಾಳೆನೂ ಪ್ರಾಕ್ಟೀಸ್ ಅದೆ. ಇವ್ಳ ಬೌಲಿಂಗ್ ಅವ್ರ್ಗೆ ಇಷ್ಟ ಆಯ್ತಂತೆ. ಸದ್ದಿಗೆ ಎದ್ರಿ, ದಿಕ್ಕು ತಪ್ಪಿ ಓಡ್ದೆ ಅಂತ ಒಂದ್ ಮಾತು ಏಳ್ಬುಟ್ರೆ ಒಳಗೆ ಬುಡ್ತರೆ."

ನನಗೆ ಹೋದ ಜೀವ ಬಂದಂತಾಯಿತು. ಮಂಗಳ ಫೋನಿನ ಕಡೆಗೆ ಬಗ್ಗಿದಳು.

"ಎದ್ರಿ ಓಡ್ನಿಲ್ಲ ಸಾ. ದಿಕ್ಕೂ ತಪ್ನಿಲ್ಲ. ಸದ್ದು ಎಲ್ಲಾಯ್ತು ಅಂತ ಗೊತ್ತಾಗೇ ಓಡ್ದೆ."

"ಅಂಗಂದ್ರೆ ಎಂಗಮ್ಮ? ನಾಳೆ ಮತ್ತೆ ಅಂಥ ಸದ್ದಾದ್ರೆ ಏನ್ ಮಾಡ್ತಳೆ ಅಂತ ಕೇಳ್ತರೆ."

"ಓಡ್ತೀನಿ ಸಾ."

ಲಕ್ಷ್ಮಿದೇವಿ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಏಳ್ಬುಡು ಮೊಗಾ. ಒಂದ್ ಸುಳ್ಳು ತಾನೆ? ನಿಮ್ಮಪ್ಪ ಇದ್ದಿದ್ರೂ ಏಳು ಅಂತಿತ್ತು. ನಿನ್ ಬಾಳು ಕಣವ್ವ ಇದು."

ಮಂಗಳ ತಾಯಿಯ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ದನಿ ಕೂಡ ಏರಲಿಲ್ಲ.

"ಅವತ್ತೂ ನಂಗೆ ಗೊತ್ತಾಗಿತ್ತು ಅವ್ವ. ಅಬ್ಬದ್ ಪಟಾಕಿ ಅಲ್ಲ, ಅಪ್ಪುಂದು ಅಂತ. ಓಡಕ್ಕೆ ಎದ್ದೆ. ನೀನು ಇಂಗೇ ಕೈ ಇಡ್ಕಂಡು, ಮಕ್ಳು ಒಡೀತಾವೆ ಕಣೆ, ಕುಂತ್ಕಂಡು ಉಣ್ಣು ಅಂದೆ. ಕುಂತ್ಕಂಡೆ."

ಲಕ್ಷ್ಮಿದೇವಿ ಹಿಡಿದಿದ್ದ ಕೈಯನ್ನು ಬಿಟ್ಟಳು. ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. "ಗೊತ್ತಾಗ್ನಿಲ್ಲ ಕಣವ್ವ, ನಂಗೆ ಗೊತ್ತಾಗ್ನಿಲ್ಲ," ಎಂದು ಅದನ್ನೇ ಹೇಳತೊಡಗಿದಳು. ಇಷ್ಟು ವರ್ಷ ಈ ಮಾತು ತಾಯಿ ಮಗಳ ನಡುವೆ ಕೂತಿತ್ತು, ನನಗೆ ಸುಳಿವೇ ಇರಲಿಲ್ಲ. ಮಂಗಳ ಹೋಗಿ ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಳು.

ಫೋನಿನಲ್ಲಿ ಮೇಷ್ಟ್ರು ಇನ್ನೂ, "ರಂಗಮ್ಮ, ಏನಂತಳೆ? ಅವ್ರ್ಗೆ ಏನ್ ಏಳ್ಲಿ?" ಎಂದು ಕೇಳುತ್ತಿದ್ದರು.

"ಬೇರೆ ಎಣ್ಣನ್ನ ನೋಡ್ಕಳಿ ಅಂತ ಏಳ್ಬುಡಿ ಸಾ," ಎಂದು ಹೇಳಿ ನಾನೇ ಫೋನು ಇಟ್ಟೆ.